ಹೋಪಿ ಕಚೀನಾ ಗೊಂಬೆ ಹಳೇದೋ ಹೊಸದೋ ಅಂತ ಕಂಡುಹಿಡಿಯೋದು ಹೇಗೆ? ಗೊತ್ತಿರೋರು ದಯವಿಟ್ಟು ಹೇಳಿ

ಮರಳುಗಾಡಿನ ಮಲ್ಲಿಗೆ:
ಎಲ್ರಿಗೂ ನಮಸ್ಕಾರ. ನಾವು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಹತ್ರ ಇರೋದು, ಹನ್ನೊಂದು ವರ್ಷ ಆಯ್ತು. ಪಕ್ಕದ ಮನೆ ಅಜ್ಜಿ ಮಗಳ ಊರಿಗೆ ಹೊರಟ್ರು ಅಂತ ಮನೆ ಸಾಮಾನೆಲ್ಲ ಮಾರ್ತಾ ಇದ್ರು, ಪಾತ್ರೆ ಏನಾದ್ರೂ ಸಿಗುತ್ತಾ ನೋಡೋಣ ಅಂತ ಹೋದೋಳು ಒಂದು ಪೆಟ್ಟಿಗೆ ಪಿಂಗಾಣಿ ತಂದೆ, ಅದರ ತಳದಲ್ಲಿ ಪೇಪರಲ್ಲಿ ಸುತ್ತಿದ್ದ ಒಂದು ಮರದ ಗೊಂಬೆ ಇತ್ತು. ತಪ್ಪಿ ಬಂದಿರ್ಬೇಕು ಅಂತ ವಾಪಸ್ ಕೊಡೋಕೆ ಹೋದ್ರೆ ಅಜ್ಜಿ "ನಮ್ಮಪ್ಪ ಇದೇ ಅರಿಜೋನಾದ ವಿನ್ಸ್ಲೋ ಊರಲ್ಲಿ ರೈಲ್ವೇ ಕೆಲಸದಲ್ಲಿದ್ದಾಗ ತಂದಿದ್ದು, ನೀನೇ ಇಟ್ಕೋ ಮಗಾ" ಅಂದ್ಬಿಟ್ರು.

ಒಂದು ಗೇಣಿಗಿಂತ ಸ್ವಲ್ಪ ಉದ್ದ ಇದೆ. ಎರಡು ಕೈನೂ ಹೊಟ್ಟೆಗೆ ಅಂಟಿಸ್ಕೊಂಡ ಹಾಗೆ ಕೆತ್ತಿದ್ದಾರೆ, ಕಾಲು ಗಿಡ್ಡ, ಒಂದು ಕಿವಿ ಮುರಿದಿದೆ. ಮುಖ ಬಿಳಿ, ಮೈ ಮಾಸಿದ ಕೆಂಪು, ಸೊಂಟದ ಹತ್ರ ನೀಲಿ ಹಸಿರು ಎರಡರ ಮಧ್ಯದ ಬಣ್ಣ. ಕುತ್ತಿಗೆಗೆ ಒಂದು ದಾರ ಕಟ್ಟಿದೆ. ನಿಲ್ಲಿಸಿದ್ರೆ ನಿಲ್ಲಲ್ಲ, ಬಿದ್ದೋಗುತ್ತೆ.

ಇದರ ಜೊತೆ ಇನ್ನೊಂದು ಗೊಂಬೆದೂ ಫೋಟೋ ಹಾಕಿದ್ದೀನಿ. ಅದನ್ನ ಮೂರು ವರ್ಷದ ಹಿಂದೆ ಹೈವೇ ಪಕ್ಕದ ಒಂದು ಅಂಗಡೀಲಿ 340 ಡಾಲರ್ ಕೊಟ್ಟು ತಗೊಂಡಿದ್ದು. ನೂರು ವರ್ಷದ ಹಿಂದಿನ ಹೋಪಿ ಗೊಂಬೆ ಅಂತ ಹೇಳಿ ಕೊಟ್ರು, ಹೋಪಿ ಅಂದ್ರೆ ಇಲ್ಲಿನ ಒಂದು ಮೂಲನಿವಾಸಿ ಜನಾಂಗ. ಮೊಲದ ತುಪ್ಪಳ, ಚರ್ಮದ ಲಂಗೋಟಿ, ರೆಕ್ಕೆ ಬಿಚ್ಚಿಕೊಂಡು ಕುಣೀತಿರೋ ಹಾಗೆ ಇದೆ, ನೋಡೋಕೆ ಇದೇ ಜೋರಾಗಿದೆ.

ಮನೇವ್ರು ಎರಡನ್ನೂ ಬೆಲೆ ಕಟ್ಟಿಸಿ ಮಾರೋಣ ಅಂತಾರೆ. ನಂಗೆ ಇನ್ನೊಂದು ಯೋಚನೆ. ಹೋದ ದಸರಾಗೆ ಜೋರಾಗಿರೋ ಗೊಂಬೇನ ನಮ್ಮ ಗೊಂಬೆ ಮೆಟ್ಟಿಲ ಮೇಲೆ ಪಟ್ಟದ ಗೊಂಬೆ ಪಕ್ಕ ಇಟ್ಟಿದ್ದೆ, ಒಬ್ರು ಬಂದವರು ಅದು ಅವರ ದೇವರಲ್ವಾ, ಹೀಗಿಡಬಹುದಾ ಅಂತ ಕೇಳಿದ್ರು. ಅವತ್ತಿಂದ ಮನಸ್ಸಲ್ಲಿ ಉಳ್ಕೊಂಡಿದೆ. ತಿಳಿದೋರು ಹೇಳಿ.

ಫ್ಲ್ಯಾಗ್‌ಸ್ಟಾಫ್ ದಾರಿ:
ಮೇಡಂ, ಮೊದಲು ಒಂದು ಮಾತು. ಆ ಚಿಕ್ಕ ಗೊಂಬೇನ ಒದ್ದೆ ಬಟ್ಟೇಲಿ ಒರೆಸಬೇಡಿ, ಒಣ ಬಟ್ಟೇನೂ ಬೇಡ. ಬಾಕಿದೆಲ್ಲ ಆಮೇಲೆ. ಬಿಳಿ ಜೇಡಿಮಣ್ಣು ಬಳಿದು ಅದರ ಮೇಲೆ ಮಣ್ಣಿನ ಬಣ್ಣ ಹಚ್ಚಿರೋ ಗೊಂಬೆ ಆಗಿದ್ರೆ ಬಣ್ಣಕ್ಕೆ ಹಿಡಿತ ಬಹಳ ಕಮ್ಮಿ, ಬೆರಳು ತಾಗಿದ್ರೂ ಪುಡಿ ಬರುತ್ತೆ.

ನಾನು ಫ್ಲ್ಯಾಗ್‌ಸ್ಟಾಫಲ್ಲಿ 22 ವರ್ಷದಿಂದ ಇದ್ದೀನಿ, ಹೋಪಿ ಹಳ್ಳಿಗಳ ಕಡೆ ಕೆಲಸದ ಮೇಲೆ ಹೋಗಿ ಬಂದು ಮಾಡ್ತೀನಿ, ಅಲ್ಲಿ ಕೆತ್ತನೆ ಮಾಡೋ ಒಬ್ಬ ಸ್ನೇಹಿತರ ಪಕ್ಕ ಕೂತು ನೋಡಿದ್ದನ್ನ ಹೇಳ್ತಿದ್ದೀನಿ ಅಷ್ಟೇ. ಅರಿಜೋನಾದ ಈಶಾನ್ಯ ಭಾಗದಲ್ಲಿ ಮೂರು ಮೇಸಾ ಇವೆ, ಮೇಸಾ ಅಂದ್ರೆ ಮೇಲೆ ಚಪ್ಪಟೆ ಇರೋ ಗುಡ್ಡ, ವಾಲ್ಪಿ ಶುಂಗೋಪವಿ ಒರಾಯ್ಬಿ ಹೋಟ್‌ವಿಲ್ಲಾ ಎಲ್ಲ ಆ ಗುಡ್ಡಗಳ ಮೇಲಿನ ಊರುಗಳು. ಸುತ್ತ ನವಾಹೋ ಅನ್ನೋ ಇನ್ನೊಂದು ಮೂಲನಿವಾಸಿ ಜನರ ನೆಲ, ಮಧ್ಯದಲ್ಲಿ ಇವರು. ನದಿ ಇಲ್ಲ ಕಾಲುವೆ ಇಲ್ಲ, ಮಳೆ ನಂಬ್ಕೊಂಡು ಮರಳಲ್ಲಿ ಗುಳಿ ತೆಗೆದು ಆಳದಲ್ಲಿ ಜೋಳ ಬಿತ್ತೋ ಜನ. ಜೋಳ ಅಂದ್ರೆ ಮುಸುಕಿನ ಜೋಳ.

ಕಚೀನಾ ಅನ್ನೋದು ಬೇರೆಯವರ ಬಾಯಲ್ಲಿ ಆದ ಉಚ್ಚಾರ, ಅವರು ಹೇಳೋದು ಕಾತ್ಸಿನ. ಅದು ಗೊಂಬೆ ಹೆಸರಲ್ಲ. ಮಳೆ ಮೋಡ, ಬೆಳೆ, ಪ್ರಾಣಿ ಪಕ್ಷಿ, ಹಿರಿಯರು, ಇವರಿಗೆಲ್ಲ ಸಂಬಂಧಪಟ್ಟ ಚೇತನಗಳನ್ನ ಕಾತ್ಸಿನ ಅಂತಾರೆ, ಅವರಲ್ಲಿ ನೂರಾರು ಬಗೆ. ಅವರ ವಾಸ ನಮ್ಮೂರ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಲ್ಲಿ, ಹೋಪಿ ಭಾಷೇಲಿ ನುವಾತುಕ್ಯಾಓವಿ. ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುತ್ತೆ, 12,633 ಅಡಿ ಎತ್ತರ. ಆ ಬೆಟ್ಟದ ಮೇಲೆ 2012ರಿಂದ ಶುದ್ಧೀಕರಿಸಿದ ಚರಂಡಿ ನೀರಲ್ಲಿ ಕೃತಕ ಹಿಮ ಮಾಡಿ ಸ್ಕೀಯಿಂಗ್ ಮಾಡಿಸ್ತಾರೆ, ಹೋಪಿಗಳು ನವಾಹೋಗಳು ಕೋರ್ಟಿಗೆ ಹೋದ್ರೂ ತಡೆಯೋಕಾಗ್ಲಿಲ್ಲ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ ನಂಗೆ.

ವರ್ಷದಲ್ಲಿ ಹತ್ತಿರತ್ತಿರ ಅರ್ಧ ಭಾಗ ಕಾತ್ಸಿನರು ಊರಲ್ಲಿರ್ತಾರೆ. ಚಳಿಗಾಲದಲ್ಲಿ ಬರ್ತಾರೆ, ಜುಲೈನಲ್ಲಿ ನಿಮಾನ್ ಅಂತ ಬೀಳ್ಕೊಡುಗೆ ಕುಣಿತ ಆದ್ಮೇಲೆ ಬೆಟ್ಟಕ್ಕೆ ವಾಪಸ್. ಫೆಬ್ರವರಿಯ ಪೊವಾಮುಯಾದಲ್ಲೂ ನಿಮಾನಲ್ಲೂ ಅವರು ಹೆಣ್ಣುಮಕ್ಕಳಿಗೆ ಕೊಡೋ ಉಡುಗೊರೆ ಈ ಗೊಂಬೆ. ಇದಕ್ಕೆ ಅವರ ಹೆಸರು ತಿಹು. ಗಂಡುಮಕ್ಕಳಿಗೆ ಬಿಲ್ಲು ಬಾಣ. ಮಗು ತಿಹುನ ಎತ್ಕೊಂಡು ಓಡಾಡ್ಬೋದು, ಜೋಪಾನ ಮಾಡ್ಬೋದು, ಆಮೇಲೆ ಅಮ್ಮ ಅದನ್ನ ಗೋಡೆಗೋ ಸೂರಿನ ತೊಲೆಗೋ ನೇತುಹಾಕ್ತಾಳೆ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ನಿಮ್ಮ ಗೊಂಬೆ ನಿಲ್ಲಲ್ಲ ಅಂದ್ರಲ್ಲ, ಅದನ್ನ ನಿಲ್ಲೋಕೆ ಅಂತ ಮಾಡೇ ಇಲ್ಲ. ಕಾಲ ಕೆಳಗೆ ಹಲಗೆ ಕೂರಿಸೋದು ಬಂದಿದ್ದು ಕೊಳ್ಳೋರು ಶೋಕೇಸಲ್ಲಿ ಇಡೋಕೆ ಶುರು ಮಾಡಿದ ಮೇಲೆ. ದಾರ, ಗಿಡ್ಡ ಕಾಲು, ಹೊಟ್ಟೆಗೆ ಅಂಟಿದ ಕೈ, ಮಣ್ಣಿನ ಬಣ್ಣ, ಇವೆಲ್ಲ ಹಳೇ ಕಾಲದ ತಿಹುವಿನ ಲಕ್ಷಣ.

ಹಳೇಸಾಮಾನು:
ನಾನು ನ್ಯೂಜೆರ್ಸಿ ಕಡೆಯವನು, ಹಳೇ ಮರದ ಸಾಮಾನು ಕೊಳ್ಳೋದು ರಿಪೇರಿ ಮಾಡೋದು ಇಪ್ಪತ್ತು ವರ್ಷದ ಹವ್ಯಾಸ. ಫ್ಲ್ಯಾಗ್‌ಸ್ಟಾಫ್ ಸರ್ ಹೇಳಿದ್ದು ಸರಿ, ಆದ್ರೆ ಒಂದು ಎಚ್ಚರಿಕೆ ಸೇರಿಸ್ಬೇಕು. ಹಲಗೆ ಇಲ್ಲ, ಕೈ ಹೊಟ್ಟೆಗಂಟಿದೆ, ಮಣ್ಣಿನ ಬಣ್ಣ, ಇಷ್ಟಿದ್ದ ಮಾತ್ರಕ್ಕೆ ಹಳೇದಾಗಲ್ಲ. 1970ರ ದಶಕದಲ್ಲಿ ಮ್ಯಾನ್‌ಫ್ರೆಡ್ ಸುಸುಂಕೆವಾ ಅವರಂಥ ಹೋಪಿ ಕಲಾವಿದರು ಮತ್ತೆ ಹಳೇ ಶೈಲಿಗೇ ಹೋದ್ರು, ಕಲ್ಲು ಮಣ್ಣು ಅರೆದು ಬಣ್ಣ ಮಾಡಿ, ನೇತುಹಾಕೋ ಗೊಂಬೆ ಮಾಡೋಕೆ ಶುರು ಮಾಡಿದ್ರು. ಆಮೇಲೆ ಬಹಳ ಜನ ಆ ದಾರಿ ಹಿಡಿದ್ರು. ಅವು ನಕಲಿ ಅಲ್ಲವೇ ಅಲ್ಲ, ಒಳ್ಳೇ ಕೆಲಸ, ಆದ್ರೆ ಪುರಾತನ ಅಲ್ಲ. ಅಂಥದ್ದಕ್ಕೆ ಹೊಗೆ ಹಿಡಿಸಿ, ಮೂಲೆ ಉಜ್ಜಿ 1900ರದು ಅಂತ ದಾಟಿಸೋರು ಇದ್ದಾರೆ, ನಾನೇ ಒಮ್ಮೆ ಮೋಸ ಹೋಗಿದ್ದೀನಿ.

ಸವೆತ ಎಲ್ಲಿದೆ ನೋಡಿ. ಮಗು ಹಿಡಿದಿದ್ರೆ ಸೊಂಟ ಸವೆಯುತ್ತೆ, ನೇತಾಡ್ತಿದ್ರೆ ಬೆನ್ನು ಗೋಡೆಗೆ ಉಜ್ಜಿ ಸವೆಯುತ್ತೆ, ಮೂಗು ಕಿವಿ ಬಿದ್ದು ಮುರಿಯುತ್ತೆ. ಯಾರ ಕೈಯೂ ಹೋಗದ ಕಾಲ ಸಂದಿಯಲ್ಲೂ ಒಂದೇ ಸಮ ಸವೆದಿದ್ರೆ ಅದು ಸ್ಯಾಂಡ್‌ಪೇಪರ್ ಕೆಲಸ.

ಇನ್ನೊಂದು, ಕತ್ತಲೆ ಕೋಣೇಲಿ ಯುವಿ ಟಾರ್ಚ್ ಬಿಟ್ಟು ಆ ದಾರ ನೋಡಿ. ಈಗಿನ ದಾರ ಬಟ್ಟೆಗಳಿಗೆ ಬಿಳುಪು ಹೆಚ್ಚಿಸೋ ರಾಸಾಯನಿಕ ಹಾಕಿರ್ತಾರೆ, ನೀಲಿಯಾಗಿ ಫಳಫಳ ಹೊಳೆಯುತ್ತೆ. ಹಳೇ ಹತ್ತಿ ದಾರ ಹಾಗೆ ಹೊಳೆಯಲ್ಲ. ದಾರ ಆಮೇಲೆ ಬದಲಾಯಿಸಿರ್ಬೋದು ಅನ್ನೋದೂ ನೆನಪಿರ್ಲಿ, ದಾರ ಒಂದನ್ನೇ ನೋಡಿ ತೀರ್ಮಾನ ಮಾಡ್ಬೇಡಿ.

ಬಣ್ಣದ ವಿಷಯಕ್ಕೆ ಬಂದ್ರೆ ಮೊದಲು ಮಣ್ಣು ಕಲ್ಲಿನ ಬಣ್ಣ, ಆಮೇಲೆ ಅಂಗಡೀಲಿ ಸಿಗೋ ಪೋಸ್ಟರ್ ಬಣ್ಣ, ಆಮೇಲೆ ಅಕ್ರಿಲಿಕ್. ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆ ತರ ಕೂತಿರುತ್ತೆ, ಪುಡಿ ಉದುರಲ್ಲ. ಅಂಥದ್ದು ಕಂಡ್ರೆ ನೂರು ವರ್ಷದ ಮಾತು ಅಲ್ಲಿಗೇ ಮುಗೀತು.

ಕೆತ್ತನೆ ಕೈ:
ಅಕ್ಕಾರ ನಮಸ್ಕಾರ್ರೀ. ನಾನು ಕೊಪ್ಪಳ ಕಡೆಯಾಂವ, ಮರದ ಕೆಲಸ ಮಾಡ್ತೀನಿ. ಈ ಗೊಂಬಿ ಯಾವ ಮರದಾಗ ಮಾಡ್ತಾರ್ರೀ? ಫೋಟೋದಾಗ ಮುರಿದ ಕಿವಿ ಜಾಗಾ ನೋಡಿದ್ರ ಎಳಿ ಭಾಳ ಸಣ್ಣದ ಐತಿ, ಬೆಂಡಿನಂಗ ಕಾಣತೈತಿ. ನಮ್ಮ ಕಿನ್ನಾಳದಾಗೂ ಗೊಂಬಿಗೆ ಹಗುರ ಮರಾನ ಬೇಕು. ಆ ಕಿವಿ ಬ್ಯಾರೆ ತುಂಡು ಮಾಡಿ ಕೂಡ್ಸಿದ್ದೋ ಅಥವಾ ಒಂದ ಮರದಾಗ ತಗದದ್ದೋ ಅನ್ನೋದು ಮುರಿದ ಕಡೆ ತೂತು ಐತೇನು ನೋಡಿದ್ರ ತಿಳಿತೈತಿ.

ಎರಡನೇ ಗೊಂಬಿ ಕಾಲು ತೋಳು ನೋಡ್ರಿ ಅಕ್ಕಾರ, ಒಂದ ದಪ್ಪ ಒಂದ ದುಂಡು. ಕೈಯಾಗ ಕೆತ್ತಿದ್ದು ಹಂಗ ಬರೂದಿಲ್ಲ. ಚರ್ಮ ಸರಿಸಿ ನೋಡ್ರಿ, ಸುತ್ತ ಉಂಗುರದಂಗ ಗೆರಿ ಇದ್ರ ಅದು ತಿರುಗಣಿ ಮ್ಯಾಲೆ ಹೊಡದದ್ದು.

ಫ್ಲ್ಯಾಗ್‌ಸ್ಟಾಫ್ ದಾರಿ:
ಕೆತ್ತನೆ ಕೈ ಅಣ್ಣಾ, ಕಣ್ಣು ಅಂದ್ರೆ ನಿಮ್ದು. ಮರ ಕಾಟನ್‌ವುಡ್, ಆದ್ರೆ ಬೊಡ್ಡೆ ಅಲ್ಲ, ಬೇರು. ಅವರು ಪಾಕೊ ಅಂತಾರೆ. ಹಳ್ಳ ತೊರೆಗಳ ದಡದಲ್ಲಿ ಬೆಳೆಯೋ ಮರ, ಅದರ ಬೇರು ನೀರನ್ನ ಹುಡುಕಿ ಆಳಕ್ಕೆ ಹೋಗುತ್ತೆ. ನೀರಿಗೋಸ್ಕರ ಪ್ರಾರ್ಥನೆ ಮಾಡೋ ಜನಕ್ಕೆ ನೀರು ಹುಡುಕೋ ಬೇರೇ ಸರಿಯಾದ ವಸ್ತು. ಮರ ಕಡಿಯಲ್ಲ. ಪ್ರವಾಹ ಬಂದಾಗ ಕಿತ್ತು ತೇಲಿ ಬಂದು ದಡದಲ್ಲಿ ಒಣಗಿದ ಬೇರನ್ನ ಆಯ್ಕೊಂಡು ಬರ್ತಾರೆ.

ಸ್ನೇಹಿತರ ಮನೆ ಅಂಗಳದಲ್ಲಿ ಒಂದ್ಸಲ ಒಂದು ಬೇರು ನನ್ನ ಕೈಗೆ ಕೊಟ್ರು, ನನ್ನ ಮೊಣಕೈ ಅಷ್ಟು ದಪ್ಪ, ಒಳ್ಳೇ ಭಾರ ಇರುತ್ತೆ ಅಂತ ಎರಡೂ ಕೈ ಚಾಚಿದೆ, ನೋಡಿದ್ರೆ ಒಣಗಿದ ಸೋರೆಕಾಯಿ ಬುರುಡೆ ಎತ್ತಿದ ಹಾಗಿತ್ತು. ಗರಗಸದಲ್ಲಿ ಅಳತೆಗೆ ಕುಯ್ದು, ಚಾಕುವಿನಲ್ಲಿ ರೂಪ ತೆಗೆದು, ಅರದಲ್ಲಿ ಉಜ್ಜಿ, ಕೊನೆಗೆ ಒಂದು ಚೂರು ಮರಳುಗಲ್ಲಲ್ಲಿ ನುಣ್ಣಗೆ ಮಾಡ್ತಾ ಕೂತಿದ್ರು. ಕಿವಿ, ಕೊಂಬು, ಮೂತಿ ಬೇರೆ ತುಂಡಲ್ಲಿ ಮಾಡಿ ಮರದ ಮೊಳೆ ಕೊಟ್ಟು ಕೂಡಿಸೋದು ಹಳೇ ಪದ್ಧತಿ, ಇಡೀ ಗೊಂಬೆ ಒಂದೇ ಬೇರಲ್ಲಿ ತೆಗಿಯೋ ಹಠ ಬಂದಿದ್ದು ಈಚೆಗೆ, 1970ರ ನಂತರ ಅದು ಜೋರಾಯ್ತು. ಹಾಗಾಗಿ ಮೇಡಂ, ಮುರಿದ ಕಿವಿ ಜಾಗದಲ್ಲಿ ಮೊಳೆ ತೂತು ಇದೆಯಾ ಅಂತ ನೋಡಿ ಖಂಡಿತ ಹೇಳಿ.

ಹಳೇಸಾಮಾನು ಸರ್ ಮಾತು ಒಪ್ಪಿದೆ, ನಾನು ಸ್ವಲ್ಪ ಆತುರ ಮಾಡ್ದೆ.

ಎರಡನೇ ಗೊಂಬೆ ಬಗ್ಗೆ ಬೇಜಾರಾದ್ರೂ ಹೇಳ್ತೀನಿ, ಅದು ಹೋಪಿ ತಿಹು ಅಲ್ಲ ಅನ್ಸುತ್ತೆ. ತುಪ್ಪಳ ಚರ್ಮ ಸುತ್ತಿ, ತಿರುಗಣಿಯಲ್ಲಿ ಕೈಕಾಲು ಹೊಡೆದು ಡಜನ್ನುಗಟ್ಟಲೆ ಮಾಡೋ ಗೊಂಬೆಗಳು ಅರಿಜೋನಾ ಹೈವೇ ಅಂಗಡಿಗಳಲ್ಲಿ ತುಂಬಿವೆ. ಎಷ್ಟೋ ನವಾಹೋ ಕುಟುಂಬಗಳೂ ಹೊಟ್ಟೆಪಾಡಿಗೆ ಮಾಡ್ತಾರೆ, ಅದನ್ನ ನವಾಹೋ ಕೆಲಸ ಅಂತ ಹೇಳಿ ಮಾರಿದ್ರೆ ಅದು ಕಾನೂನಿಗೆ ಸರಿ. ಹೋಪಿಗಳಿಗೆ ಅಲ್ಲೂ ನೋವಿದೆ, ನಮ್ಮ ನಂಬಿಕೆ ಅವರ ಸರಕಾಯ್ತಲ್ಲ ಅಂತ. ಆದ್ರೆ ಹೋಪಿ ಅಂತಲೇ ಸುಳ್ಳು ಹೇಳಿ ಮಾರೋದು 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಎರಡೂವರೆ ಲಕ್ಷ ಡಾಲರ್ ತನಕ ದಂಡ, ಐದು ವರ್ಷ ತನಕ ಜೈಲು ಆಗ್ಬೋದು. ಬಿಲ್ ಮೇಲೆ ಏನು ಬರೆದಿದ್ದಾರೆ ಹುಡುಕಿ ನೋಡಿ.

ಬಯಲುಸೀಮೆ ಹುಡುಗ:
ಸರ್ ನಾನು ಟೆಂಪೆಯಲ್ಲಿ ಓದ್ತಿದ್ದೀನಿ, ಬರೋ ಡಿಸೆಂಬರಲ್ಲಿ ಚಿತ್ರದುರ್ಗಕ್ಕೆ ಹೋಗ್ತೀನಿ, ನಮ್ಮ ಮೇಷ್ಟ್ರಿಗೆ ಒಂದು ಹಳೇ ಕಚೀನಾ ತಗೊಂಡು ಹೋಗೋಣ ಅಂತ ಆನ್‌ಲೈನಲ್ಲಿ ನೋಡಿಟ್ಟಿದ್ದೀನಿ, ತಲೆ ಮೇಲೆ ನಿಜವಾದ ಹದ್ದಿನ ಗರಿ ಇದೆ ಅಂತ ಬರೆದಿದ್ದಾರೆ, ಗರಿ ಇದ್ರೆ ಜಾಸ್ತಿ ಅಸಲಿ ಅಲ್ವಾ ಸರ್?

ಹಳೇಸಾಮಾನು:
ತಮ್ಮಾ, ಕೈ ಹಾಕ್ಬೇಡ! ಬೋಳು ಹದ್ದಿಗೆ ರಕ್ಷಣೆ ಕೊಟ್ಟ ಕಾನೂನು 1940ರದು, 1962ರಲ್ಲಿ ಚಿನ್ನದ ಹದ್ದನ್ನೂ ಸೇರಿಸಿದ್ರು. ಅದರ ಒಂದು ಗರಿ ಮಾರಿದ್ರೂ ಕೊಂಡ್ರೂ ತಪ್ಪು. ಕಾನೂನಿಗಿಂತ ಮುಂಚಿನಿಂದ ಮನೇಲಿ ಇದ್ದಿದ್ದನ್ನ ಇಟ್ಕೋಬಹುದು, ಆದ್ರೆ ಮಾರೋ ಹಾಗಿಲ್ಲ. ಬೇರೆ ಎಷ್ಟೋ ಹಕ್ಕಿಗಳ ಗರಿಗೂ 1918ರ ವಲಸೆ ಹಕ್ಕಿ ಕಾಯ್ದೆ ಇದೆ. ಗರಿ ಇರೋ ಗೊಂಬೆ ಸೂಟ್‌ಕೇಸಲ್ಲಿಟ್ಕೊಂಡು ವಿಮಾನ ಹತ್ತಿದ್ರೆ ಅಲ್ಲಿ ಒಂದು ಕಷ್ಟ, ಇಳಿದ ಕಡೆ ಇನ್ನೊಂದು ಕಷ್ಟ. ಈ ಕಾನೂನು ಬಂದ್ಮೇಲೇ ಹೋಪಿ ಕೆತ್ತನೆಗಾರರು ಗರಿನೂ ಮರದಲ್ಲೇ ಕೆತ್ತೋಕೆ ಹೋದ್ರು, ಒಂದೊಂದು ಗರಿಯ ಎಳೆ ಎಳೆ ಗೀರಿ ತೆಗೀತಾರೆ, ಹತ್ತಿರದಿಂದ ನೋಡಿದ್ರೆ ಊದಿದ್ರೆ ಅಲುಗಾಡುತ್ತೇನೋ ಅನ್ನಿಸುತ್ತೆ. ಮೇಷ್ಟ್ರಿಗೆ ತಗೊಂಡೋಗ್ಬೇಕು ಅಂದ್ರೆ ಗರಿ ಇಲ್ಲದ, ಕೆತ್ತಿದವರ ಸಹಿ ಇರೋ ಹೊಸ ಗೊಂಬೆ ತಗೋ, ದುಡ್ಡು ಆ ಕಲಾವಿದರ ಕೈಗೇ ಹೋಗುತ್ತೆ.

ಸಹಿ ಹಾಕೋದೂ ತಡವಾಗಿ ಬಂದಿದ್ದು. ಫ್ಲ್ಯಾಗ್‌ಸ್ಟಾಫಿನ ನಾರ್ದರ್ನ್ ಅರಿಜೋನಾ ಮ್ಯೂಸಿಯಮ್‌ನಲ್ಲಿ ಕೆಲಸಕ್ಕಿದ್ದ ಜಿಮ್ಮಿ ಕೆವಾನ್‌ವೈಟೀವಾ ಅಂತ ಒಬ್ರು, ತಮ್ಮ ಗೊಂಬೆ ಮೇಲೆ ಹೆಸರಿನ ಮೊದಲಕ್ಷರ ಹಾಕಿದವರಲ್ಲಿ ಮೊದಲಿಗರು. ಅದಕ್ಕಿಂತ ಹಿಂದಿನ ಗೊಂಬೆ ಮೇಲೆ ಸಹಿ ಇದ್ರೆ ಅನುಮಾನ ಪಡ್ಬೇಕು, ಆಮೇಲೆ ಯಾರೋ ಸೇರಿಸಿರ್ತಾರೆ.

ಕರಾವಳಿ ಕನ್ನಡತಿ:
ನಾನೊಂದು ಕೇಳ್ತೇನೆ, ಯಾರೂ ಬೇಸರ ಮಾಡ್ಕೊಳ್ಬೇಡಿ. ಹಳೇದಾ ಹೊಸದಾ ಎಷ್ಟು ಬೆಲೆ ಅಂತೆಲ್ಲ ಮಾತಾಡ್ತಾ ಇದ್ದೀರಿ, ಇದನ್ನು ಅವರಿಗೆ ವಾಪಸ್ ಕೊಡ್ಬೇಕಲ್ವಾ? 2013ರಲ್ಲಿ ಪ್ಯಾರಿಸ್ಸಲ್ಲಿ ಹೋಪಿಗಳ ಪವಿತ್ರ ವಸ್ತುಗಳನ್ನು ಹರಾಜು ಹಾಕಿದ್ದು ಓದಿದ್ದೆ, ಅವರು ಬೇಡ ಬೇಡ ಅಂತ ಕೇಳ್ಕೊಂಡ್ರೂ ಕೋರ್ಟ್ ನಿಲ್ಲಿಸ್ಲಿಲ್ಲ. ನಮ್ಮ ಮೆಕ್ಕೆಕಟ್ಟಿನ ಭೂತಗಳ ಹಳೇ ಮರದ ಮೂರ್ತಿಗಳು ದೆಹಲಿಯ ಕರಕುಶಲ ಮ್ಯೂಸಿಯಮ್‌ನಲ್ಲಿ ಇವೆ, ಅಲ್ಲಿ ಅವುಗಳ ಎದುರು ನಿಂತಾಗ ನನಗೆ ಕೈ ಮುಗಿಯೋದಾ ಬೇಡವಾ ಗೊತ್ತಾಗ್ಲಿಲ್ಲ, ಸುತ್ತ ಜನ ಫೋಟೋ ತೆಗೀತಿದ್ರು. ಊರಿನವರೇ ಹೊಸದು ಮಾಡಿಸಿದ ಮೇಲೆ ಹೋದದ್ದು ಅವು, ಆದ್ರೂ ಕಣ್ಣಲ್ಲಿ ನೀರು ಬಂತು. ಹಾಗಿರುವಾಗ ಬೇರೆಯವರ ದೈವವನ್ನು ಶೋಕೇಸಲ್ಲಿ ಹೇಗೆ ಇಟ್ಕೊಳ್ಳೋದು?

ಫ್ಲ್ಯಾಗ್‌ಸ್ಟಾಫ್ ದಾರಿ:
ಅಕ್ಕಾ, ಬೇಸರ ಯಾಕೆ, ಈ ಪ್ರಶ್ನೆ ಯಾರಾದ್ರೂ ಕೇಳಲೇಬೇಕಿತ್ತು. ಇಲ್ಲಿ ಎರಡು ಬೇರೆ ಬೇರೆ ವಸ್ತು ಇದೆ, ಜನ ಎರಡನ್ನೂ ಕಲಸಿಬಿಡ್ತಾರೆ.

ಪ್ಯಾರಿಸ್ಸಲ್ಲಿ 2013ರ ಏಪ್ರಿಲ್‌ನಲ್ಲಿ ದ್ರೂಓ ಹರಾಜು ಮನೇಲಿ ಮಾರಿದ್ದು ಗೊಂಬೆ ಅಲ್ಲ. ಕಾತ್ಸಿನರು ಕುಣಿಯೋವಾಗ ಮುಖದಲ್ಲಿರೋದು. ನಾವು ಮುಖವಾಡ ಅಂತೀವಿ, ಹೋಪಿಗಳು ಆ ಪದಾನೇ ಒಪ್ಪಲ್ಲ, ಅದನ್ನ "ಸ್ನೇಹಿತರು" ಅಂತ ಕರೀತಾರೆ. ಅದಕ್ಕೆ ಜೀವ ಇದೆ, ಊಟ ಕೊಡ್ಬೇಕು, ನೋಡ್ಕೋಬೇಕು, ಒಬ್ಬ ವ್ಯಕ್ತಿಯ ಆಸ್ತಿ ಅಲ್ಲ, ಹಾಗಾಗಿ ಯಾವ ಕಾಲದಲ್ಲಿ ಯಾರೇ ಮಾರಿದ್ರೂ ಮಾರೋ ಹಕ್ಕು ಅವನಿಗೆ ಇರಲಿಲ್ಲ ಅನ್ನೋದು ಅವರ ವಾದ. ಸುಮಾರು 70 ವಸ್ತು, ಒಟ್ಟು ಹತ್ತಿರತ್ತಿರ 9 ಲಕ್ಷ 30 ಸಾವಿರ ಯೂರೋಗೆ ಹೋಯ್ತು. ಅದೇ ವರ್ಷ ಡಿಸೆಂಬರಲ್ಲಿ ಇನ್ನೊಂದು ಹರಾಜು ಆದಾಗ ಅಮೆರಿಕದ ಆನೆನ್‌ಬರ್ಗ್ ಫೌಂಡೇಶನ್ ಫೋನಲ್ಲೇ ಕೂಗಿ 24 ವಸ್ತು ಕೊಂಡು, 21 ಹೋಪಿಗಳಿಗೆ, 3 ಸ್ಯಾನ್ ಕಾರ್ಲೋಸ್ ಅಪಾಚಿ ಅನ್ನೋ ಇನ್ನೊಂದು ಮೂಲನಿವಾಸಿ ಜನರಿಗೆ ವಾಪಸ್ ಕೊಡ್ತು. ಸುಮಾರು 5 ಲಕ್ಷ 30 ಸಾವಿರ ಡಾಲರ್ ಆಯ್ತು. ಇಂಥವು ದೇಶ ದಾಟಿ ಹೋಗದ ಹಾಗೆ 2022ರ ಡಿಸೆಂಬರಲ್ಲಿ ಒಂದು ಹೊಸ ಕಾನೂನೂ ಬಂತು.

ತಿಹು ಹಾಗಲ್ಲ. ಅದು ಕೊಡೋಕೆ ಅಂತಲೇ ಇರೋದು. ಹೋಪಿಗಳು ಅದನ್ನ ಪೂಜೆ ಮಾಡಲ್ಲ, ವಿಗ್ರಹ ಅಲ್ಲ. ಹೆಣ್ಣುಮಗುಗೆ ಸಿಕ್ಕ ಹಾರೈಕೆ ಅನ್ನಿ. ಹುಟ್ಟಿದ ಕೂಸಿಗೆ ಮೊದಲು ಸಿಗೋದು ಚಪ್ಪಟೆ ಹಲಗೆ ತರದ ಗೊಂಬೆ, ಪುತ್ಸ್‌ತಿಹು ಅಂತ, ಅದರಲ್ಲಿ ಇರೋದು ಹಹಾಯ್‌ವೂತಿ, ಎಲ್ಲ ಕಾತ್ಸಿನರ ತಾಯಿ. ಮಗು ಬೆಳೀತಾ ಬಂದ ಹಾಗೆ ಗೊಂಬೆನೂ ಬೆಳೆಯುತ್ತೆ, ಮೊದಲು ಮುಖ ಮಾತ್ರ ಉಬ್ಬಿರುತ್ತೆ, ಆಮೇಲೆ ಮೈ ದುಂಡಗಾಗುತ್ತೆ, ಆಮೇಲೆ ಕೈ ಕಾಲು ಎಲ್ಲ ಬರುತ್ತೆ. ಇದನ್ನ ಮೊದಲ ಸಲ ಕೇಳಿದಾಗ ನಂಗೆ ಮೈ ಜುಂ ಅಂತು. ನನ್ನ ಮಗಳಿಗೆ ಆಗ ಎರಡು ವರ್ಷ.

ಮಾರಾಟನೂ ಹೊಸದಲ್ಲ. 1880ರ ದಶಕದಲ್ಲಿ ಈ ಕಡೆ ರೈಲು ಬಂತು, ಕೀಮ್ಸ್ ಕ್ಯಾನ್ಯನ್‌ನಲ್ಲಿ ಥಾಮಸ್ ಕೀಮ್ ಅನ್ನೋ ವ್ಯಾಪಾರಿ ಗೊಂಬೆ ಮಡಕೆ ಎಲ್ಲ ಕೊಂಡು ಮ್ಯೂಸಿಯಮ್‌ಗಳಿಗೆ ಕಳಿಸ್ತಿದ್ದ, ಆಮೇಲೆ ಫ್ರೆಡ್ ಹಾರ್ವಿ ಕಂಪನಿ ರೈಲು ಪ್ರಯಾಣಿಕರಿಗೆ ಮಾರ್ತು. ಇವತ್ತು ನೂರಾರು ಹೋಪಿ ಮನೆಗಳು ಈ ಕೆತ್ತನೆ ಕೆಲಸದಲ್ಲೇ ನಡೀತವೆ. ಆದ್ರೆ ಎಲ್ಲರೂ ಎಲ್ಲವನ್ನೂ ಮಾರೋಕೆ ಒಪ್ಪಲ್ಲ. ಒರಾಯ್ಬಿಯ ಮುಖ್ಯಸ್ಥ ವಿಲ್ಸನ್ ತವಾಕ್ವಾಪ್ಟೀವಾ, 1906ರಲ್ಲಿ ಊರು ಎರಡಾಗಿ ಒಡೆದಾಗ ಒಂದು ಗುಂಪಿನ ನಾಯಕ, ಆತ ಪ್ರವಾಸಿಗಳಿಗೆ ಗೊಂಬೆ ಕೆತ್ತಿ ಮಾರ್ತಿದ್ದ, ಆದ್ರೆ ಬೇಕಂತಲೇ ಒಬ್ಬ ಕಾತ್ಸಿನನ ಕಿವಿ, ಇನ್ನೊಬ್ಬನ ಕಣ್ಣು, ಮತ್ತೊಬ್ಬನ ಬಣ್ಣ ಸೇರಿಸಿ ಯಾವ ಕಾತ್ಸಿನನೂ ಆಗದ ಹಾಗೆ ಮಾಡ್ತಿದ್ದ. ಕೊಂಡೋರ ಕೈಗೆ ಒಳ್ಳೇ ಗೊಂಬೆ ಸಿಗ್ತು, ಊರಿನದು ಊರಲ್ಲೇ ಉಳೀತು. ಈ ವಿಷಯದಲ್ಲಿ ನಾನು ಅತಿ ಹೆಚ್ಚು ಗೌರವ ಕೊಡೋ ಮನುಷ್ಯ ಆತ.

ಹಾಗಾಗಿ ನನ್ನ ಅಭಿಪ್ರಾಯ, ತಿಹು ಇಟ್ಕೊಳ್ಳೋದು ತಪ್ಪಲ್ಲ. ಅದು ಯಾರಿಗೋಸ್ಕರ ಆಗಿದ್ದು ಅಂತ ತಿಳ್ಕೊಂಡು ಇಟ್ಕೋಬೇಕು. ಮಗುಗೆ ಸಿಕ್ಕಿದ್ದಾ, ರೈಲ್ವೇ ಸ್ಟೇಷನ್ನಲ್ಲಿ ಮಾರೋಕೆ ಆಗಿದ್ದಾ? ಬೆಲೆ ಆಮೇಲಿನ ಮಾತು.

ಕರಾವಳಿ ಕನ್ನಡತಿ:
ಈ ವ್ಯತ್ಯಾಸ ನನಗೆ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಅಣ್ಣ. ಆದ್ರೂ ಅವರ ಕುಣಿತ ಒಮ್ಮೆ ಕಣ್ಣಾರೆ ನೋಡ್ಬೇಕು ಅಂತ ಆಸೆ ಆಯ್ತು, ಹೊರಗಿನವರು ಹೋಗ್ಬಹುದಾ?

ಫ್ಲ್ಯಾಗ್‌ಸ್ಟಾಫ್ ದಾರಿ:
1992ರಲ್ಲಿ ಒಂದು ಅಮೆರಿಕನ್ ಕಾಮಿಕ್ಸ್‌ನಲ್ಲಿ ಕಾತ್ಸಿನರನ್ನ ಗೂಂಡಾಗಳ ತರ ತೋರಿಸಿಬಿಟ್ರು, ಆಮೇಲೆ ಬಹಳ ಊರುಗಳಲ್ಲಿ ಕಾತ್ಸಿನ ಕುಣಿತ ಹೊರಗಿನವರಿಗೆ ಬಂದ್ ಆಯ್ತು. ಕರೆದ್ರೆ ಹೋಗಿ, ಕರೆಯದೆ ಬೇಡ. ಊರೊಳಗೆ ಫೋಟೋ, ವಿಡಿಯೋ, ಕೂತು ಚಿತ್ರ ಬರೆಯೋದು ಕೂಡ ಇಲ್ಲ. ಗೊಂಬೆ ನೋಡ್ಬೇಕು ಅಂದ್ರೆ ಫೀನಿಕ್ಸ್‌ನ ಹರ್ಡ್ ಮ್ಯೂಸಿಯಮ್‌ಗೆ ಬನ್ನಿ. ಅರಿಜೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್, ಅಧ್ಯಕ್ಷ ಚುನಾವಣೆಗೆ ನಿಂತವರು, 1964ರಲ್ಲಿ ತಮ್ಮ 437 ಗೊಂಬೆಗಳನ್ನ ಅಲ್ಲಿಗೆ ಕೊಟ್ರು.

ಹಳೇಸಾಮಾನು:
ಮ್ಯೂಸಿಯಮ್ ಅಂದಾಗ ನೆನಪಾಯ್ತು. ಹಿಂದೆ ಸಂಗ್ರಹಗಳಲ್ಲಿ ಹುಳ ಹಿಡೀಬಾರ್ದು ಅಂತ ಆರ್ಸೆನಿಕ್ ಅಂಥ ವಿಷ ಹಾಕ್ತಿದ್ರು. ಮಲ್ಲಿಗೆ ಮೇಡಂ, ನಿಮ್ಮ ಗೊಂಬೆ ರೈಲ್ವೇ ಮನೆಯಿಂದ ಬಂದಿದ್ದು, ಆ ಸಾಧ್ಯತೆ ಕಮ್ಮಿ, ಆದ್ರೂ ಗ್ಲೌಸ್ ಹಾಕ್ಕೊಂಡೇ ಮುಟ್ಟಿ, ಮಕ್ಕಳ ಕೈಗೆ ಬೇಡ. ಮತ್ತೆ ಆ ಅಜ್ಜಿ ಹೊರಡೋ ಮುಂಚೆ ಕೂತು ಕೇಳಿ ಬರ್ಕೊಳ್ಳಿ, ಅಪ್ಪನ ಹೆಸರು, ಯಾವ ವರ್ಷದಿಂದ ಯಾವ ವರ್ಷ ಅಲ್ಲಿದ್ರು, ಯಾರ ಹತ್ರ ತಗೊಂಡ್ರು. ಅಜ್ಜಿ ಸಹಿ ಇರೋ ಒಂದು ಪುಟ, ಸಾವಿರ ಡಾಲರ್ ಪರೀಕ್ಷೆಗಿಂತ ಗಟ್ಟಿ. ಯಾವ ಕಾತ್ಸಿನ ಅಂತ ನೋಡೋಕೆ ಫ್ಯೂಕ್ಸ್ ಅನ್ನೋ ವಿದ್ವಾಂಸರು ಹೋಪಿ ಚಿತ್ರಗಾರರಿಂದಲೇ ಬರೆಸಿ 1903ರಲ್ಲಿ ಪ್ರಕಟ ಮಾಡಿದ ಬಣ್ಣದ ಚಿತ್ರಗಳಿವೆ, ಅಲ್ಲಿ ಹೋಲಿಸಿ. ಆದ್ರೆ ಒಂದು ಮುಖದ ಚಿಹ್ನೆ ಹಳ್ಳಿಯಿಂದ ಹಳ್ಳಿಗೆ ಬೇರೆ ಆಗುತ್ತೆ, ನೂರಕ್ಕೆ ನೂರು ಸಿಗ್ಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ.

ಮರಳುಗಾಡಿನ ಮಲ್ಲಿಗೆ:
ತಡವಾಯ್ತು, ಕ್ಷಮಿಸಿ. ಎಲ್ಲರೂ ಹೇಳಿದ್ದನ್ನ ಒಂದೊಂದಾಗಿ ಮಾಡ್ದೆ.

ಮೊದಲು ದೊಡ್ಡ ಗೊಂಬೆ. ಕೆತ್ತನೆ ಕೈ ಅವರು ಹೇಳಿದ ಹಾಗೆ ಕಾಲಿಗೆ ಸುತ್ತಿದ್ದ ಚರ್ಮ ಸರಿಸಿದೆ, ಸುತ್ತಲೂ ಉಂಗುರ ಉಂಗುರ ಗೆರೆ, ಚರ್ಮದ ಕೆಳಗೆ ಗ್ಲೂ ಗನ್ನಿಂದ ಬಿದ್ದ ಪಾರದರ್ಶಕ ಎಳೆ ಹಾಗೇ ಇತ್ತು. ಬಿಲ್ ಸಿಕ್ತು, ಅದರಲ್ಲಿ ಗೊಂಬೆ ಅಂತ ಮಾತ್ರ ಇದೆ, ಹೋಪಿ ಅನ್ನೋ ಪದವೇ ಇಲ್ಲ, ಹಳೇದು ಅಂತಲೂ ಇಲ್ಲ, ಎಲ್ಲ ಬಾಯಲ್ಲಿ ಹೇಳಿದ್ದು. ತುಂಬ ಸಂಕಟ ಆಯ್ತು, ದುಡ್ಡಿಗಿಂತ ಮೂರು ವರ್ಷ ಬಂದೋರಿಗೆಲ್ಲ ಹೋಪಿಗಳದ್ದು ಅಂತ ಹೇಳ್ಕೊಂಡು ತೋರಿಸಿದ್ನಲ್ಲ ಅಂತ.

ಈಗ ಚಿಕ್ಕದು. ಮುರಿದ ಕಿವಿ ಜಾಗದಲ್ಲಿ ಮರದ ಮೊಳೆ ಚೂರು ಇನ್ನೂ ಒಳಗೇ ಇದೆ. ಬೆನ್ನಿನ ಮೇಲೆ ಭುಜದ ಹತ್ರ ಎರಡು ಕಡೆ ಬಣ್ಣ ಹೋಗಿ ಮರ ನುಣ್ಣಗಾಗಿದೆ, ಗೋಡೆಗೆ ತಾಗೋ ಜಾಗ. ರಾತ್ರಿ ಮಗಳ ಯುವಿ ಟಾರ್ಚ್ ಹಿಡಿದು ನೋಡಿದ್ವಿ, ದಾರ ಹೊಳೀಲಿಲ್ಲ. ಆಮೇಲೆ ಭೂತಗನ್ನಡಿ ಇಟ್ಕೊಂಡು ಕುತ್ತಿಗೆ ಹತ್ರ ದಾರಾನ ಹಲ್ಲುಕಡ್ಡಿ ತುದೀಲಿ ಒಂಚೂರೇ ಚೂರು ಎತ್ತಿದೆ. ಕೆಳಗಿದ್ದ ಬಣ್ಣ ನೋಡಿ ಉಸಿರು ನಿಂತೋಯ್ತು. ಬೇರೆ ಕಡೆಯೆಲ್ಲ ಮಾಸಿದ ಇಟ್ಟಿಗೆ ಪುಡಿ ತರ ಇರೋ ಕೆಂಪು, ದಾರದ ಕೆಳಗೆ ಆಗ ತಾನೇ ಅರೆದ ಕೆಮ್ಮಣ್ಣಿನ ಹಾಗಿದೆ, ಕೂದಲೆಳೆಯಷ್ಟು ಅಗಲದ ಒಂದು ಗೆರೆ, ಕುತ್ತಿಗೆ ಸುತ್ತ. ಫೋಟೋ ಹಾಕಿದ್ದೀನಿ, ಸರಿಯಾಗಿ ಬಂದಿಲ್ಲ.

ಅಜ್ಜಿ ಹತ್ರ ಕೂತು ಬರೆಸ್ಕೊಂಡೆ. ಅವರಪ್ಪ 1920ರ ದಶಕದಿಂದ 1938ರ ತನಕ ವಿನ್ಸ್ಲೋದಲ್ಲಿದ್ರಂತೆ. ಅವರು ಚಿಕ್ಕೋರಿದ್ದಾಗ ಗೊಂಬೆ ಅಡುಗೆಮನೆ ಗೋಡೇಲಿ ನೇತಾಡ್ತಿತ್ತು, ಮುಟ್ಟೋಕೆ ಬಿಡ್ತಿರಲಿಲ್ಲ ಅಂದ್ರು. ಯಾರ ಹತ್ರ ತಗೊಂಡ್ರು ಅನ್ನೋದು ಅವರಿಗೆ ಗೊತ್ತಿಲ್ಲ.

ಹಳೇಸಾಮಾನು:
ಮೇಡಂ ಇದು ಬಹಳ ದೊಡ್ಡ ಸಾಕ್ಷಿ! ದಾರದ ಕೆಳಗೆ ಮಾತ್ರ ಬಣ್ಣ ಉಳಿದಿದೆ ಅಂದ್ರೆ ಮಾಸೋಕೆ ಮುಂಚೆಯಿಂದ ಆ ದಾರ ಅಲ್ಲೇ ಇದೆ ಅಂತ. ಹೊಗೆ ಹಾಕಿ ಹಳೇದು ಮಾಡೋರಿಗೆ ಇದು ಹೊಳೆಯೋ ವಿಷಯ ಅಲ್ಲ. ಅಜ್ಜಿ ಹೇಳಿದ ವರ್ಷಕ್ಕೂ ತಾಳೆ ಆಗುತ್ತೆ. ದಾರಾನ ಇನ್ನು ಎತ್ತಬೇಡಿ, ದಯವಿಟ್ಟು.

ಫ್ಲ್ಯಾಗ್‌ಸ್ಟಾಫ್ ದಾರಿ:
ನಾನು ಎರಡು ಸಲ ಓದ್ದೆ. ನನ್ನ ಮಟ್ಟಿಗೆ ಇದು 1938ಕ್ಕಿಂತ ಮುಂಚಿನದು. ಬೆನ್ನಿನ ಸವೆತ ಹೋಪಿ ಮನೆ ಗೋಡೇದೋ, ರೈಲ್ವೇ ಕ್ವಾರ್ಟರ್ಸ್ ಅಡುಗೆಮನೇದೋ ಅದನ್ನ ಮಾತ್ರ ಗೊಂಬೆ ಹೇಳಲ್ಲ. ನಿಮ್ಮ ಮುಂಭಾಗದ ಫೋಟೋ ಸ್ನೇಹಿತರಿಗೆ ತೋರಿಸ್ಲಾ? ಅವರು ಮುಖ ನೋಡಿ ಹೆಸರು ಹೇಳಿದ್ರೆ, ಹೇಳಬಹುದು ಅಂತ ಅವರಿಗೆ ಅನ್ನಿಸಿದ್ರೆ, ಇಲ್ಲಿ ಬರೀತೀನಿ.

ಮರಳುಗಾಡಿನ ಮಲ್ಲಿಗೆ:
ಖಂಡಿತ ತೋರಿಸಿ ಸರ್. ಮಾರೋ ಮಾತು ಬಿಟ್ವಿ, ಮನೇವ್ರೂ ಒಪ್ಪಿದ್ರು. ಅಜ್ಜಿ ಬರೆಸಿದ ಕಾಗದ ಗೊಂಬೆ ಜೊತೆಗೇ ಒಂದು ಕವರಲ್ಲಿಟ್ಟಿದ್ದೀನಿ, ಮುಂದೆ ಯಾರ ಕೈಗೆ ಹೋದ್ರೂ ಜೊತೆಗೇ ಹೋಗ್ಲಿ ಅಂತ.

ದಸರಾ ಮೆಟ್ಟಿಲಿಗೆ ಇಡಲ್ಲ ಅಂತ ತೀರ್ಮಾನ ಮಾಡ್ದೆ. ನಮ್ಮ ಗೊಂಬೆಗಳು ಒಂಬತ್ತು ದಿನ ಕೂರೋವು, ಇದು ನೇತಾಡೋದು. ಬಿಸಿಲು ಬೀಳದ ಒಳಗಿನ ಗೋಡೇಲಿ, ಮಗಳ ಕೋಣೆ ಬಾಗಿಲ ಪಕ್ಕ, ಒಂದು ಮೊಳೆ ಹೊಡೆದ್ವಿ. ಹಳೇ ದಾರಕ್ಕೆ ಭಾರ ಬೀಳಬಾರ್ದು ಅಂತ ತೋಳಿನ ಕೆಳಗೆ ಮೆತ್ತನೆ ಹತ್ತಿ ಪಟ್ಟಿ ಹಾಕಿ ಅದರಲ್ಲಿ ತೂಗಿಸಿದ್ದೀವಿ. ಗಾಳಿಗೆ ಒಂಚೂರು ತಿರುಗುತ್ತೆ, ಬೆನ್ನಿಗೆ ಗೋಡೆ ತಾಗದ ಹಾಗೆ ಹಿಂದೆ ಬಟ್ಟೆ ಕೊಟ್ಟಿದ್ದೀನಿ, ಅದು ಸರಿನಾ ಅಂತ ಹೇಳಿ.

ಕೆತ್ತನೆ ಕೈ:
ಬಟ್ಟಿ ಬಿಳಿ ಹತ್ತೀದ ಇರ್ಲಿ ಅಕ್ಕಾರ, ಬಣ್ಣದ ಬಟ್ಟಿ ಹಾಕಬ್ಯಾಡ್ರಿ, ಹತ್ತಿಕೊಂತೈತಿ. ಆ ಮುರಿದ ಕಿವಿನೂ ಹಂಗ ಇರ್ಲಿ, ಹೊಸಾದು ಮಾಡಿ ಕೂಡಸಾಕ ಹೋಗಬ್ಯಾಡ್ರಿ.